ಮಗುವಿನ ಪಾದ, ಅಜ್ಜಿಯ ಜೋಲಿ: ಮನೆಯಲ್ಲೇ ನೋಡಿಕೊಳ್ಳುವ ಬಗೆ

ಗಂಗಾವತಿಯಲ್ಲಿ ಫಿಜಿಯೋಥೆರಪಿ ಮಾಡುವ ನನ್ನ ಹತ್ತಿರ ಆಗಾಗ ಇಂಥ ಕುಟುಂಬವೊಂದು ಬರುತ್ತದೆ. ತಾಯಿ ನಾಲ್ಕೈದು ವರ್ಷದ ಮಗನ ಚಪ್ಪಲಿ ಬಿಚ್ಚಿಸಿ, "ಮೇಡಂ, ಇವನ ಪಾದ ಸಪಾಟ ಐತ್ರಿ. ದೊಡ್ಡವಾದ್ಮ್ಯಾಲೆ ಮಿಲ್ಟ್ರಿಗೆ ತಗೊಳ್ಳಂಗಿಲ್ಲಂತ. ಬೂಟು ಬರ್ಕೊಡ್ರಿ" ಅನ್ನುತ್ತಾರೆ. ಜೊತೆಗೆ ಬಂದ ಅತ್ತೆ ಬೆಂಚಿನಿಂದ ಏಳಲು ಹೋಗಿ ಮತ್ತೆ ಕೂತು, ಕೊನೆಗೆ ಗೋಡೆ ಹಿಡಿದು ಏಳುತ್ತಾರೆ. ಅವರನ್ನು ತೋರಿಸಬೇಕೆಂದು ಯಾರಿಗೂ ಅನ್ನಿಸಿರುವುದಿಲ್ಲ. ನಾನು ಕೇಳಿದರೆ "ಏನಿಲ್ಲ ಬಿಡವಾ, ವಯಸ್ಸಾತು" ಎಂದು ಅವರೇ ಮಾತು ಮುಗಿಸುತ್ತಾರೆ.

ನನಗೆ ಆ ಹುಡುಗನ ಪಾದಕ್ಕಿಂತ ಗೋಡೆ ಹಿಡಿದ ಆ ಕೈಯೇ ಹೆಚ್ಚು ಚಿಂತೆ ಹಚ್ಚುತ್ತದೆ. ಮಗುವಿನ ಸಪಾಟು ಪಾದ ಬಹುಪಾಲು ಬೆಳೆಯುತ್ತಾ ಸರಿಹೋಗುತ್ತದೆ. ಹಿರಿಯರ ಜೋಲಿ, ಅಂದರೆ ನಿಂತಾಗ ನಡೆವಾಗ ತೂಕ ತಪ್ಪಿ ವಾಲುವುದು, ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ. ಇಬ್ಬರನ್ನೂ ಮನೆಯಲ್ಲೇ ನೋಡಬಹುದು, ಖರ್ಚಿಲ್ಲ.

ಮೊದಲು ಮಗು. ಅಂಗಾಲು ಒದ್ದೆ ಮಾಡಿ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ನಡೆಸಿ, ಆರುವ ಮುಂಚೆ ಗುರುತು ನೋಡಿ. ಬೆರಳ ಬುಡಕ್ಕೂ ಹಿಮ್ಮಡಕ್ಕೂ ನಡುವೆ ಒಳಬದಿಯಲ್ಲಿ ಜಾಗ ಖಾಲಿ ಉಳಿದಿದ್ದರೆ ಕಮಾನು, ಅಂದರೆ ಅಂಗಾಲಿನ ನಡುವಿನ ಬಾಗು, ಬಂದಿದೆ. ಪೂರ್ತಿ ಅಚ್ಚು ಬಿದ್ದರೆ ಸಪಾಟು. ಅಷ್ಟಕ್ಕೇ ಬೂಟಿನ ಅಂಗಡಿಗೆ ಓಡಬೇಡಿ. ಎಳೆಯ ಮಕ್ಕಳ ಪಾದದ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಕೀಲುಗಳ ಕಟ್ಟು ಸಡಿಲ, ಕಮಾನಿನ ಜಾಗದಲ್ಲಿ ಕೊಬ್ಬಿನ ಮೆತ್ತೆ ತುಂಬಿರುತ್ತದೆ. ಕಮಾನು ಕಾಣಿಸಿಕೊಳ್ಳುವುದು ಸುಮಾರು 6ರಿಂದ 8 ವರ್ಷದ ಹೊತ್ತಿಗೆ, ಕೆಲವರಿಗೆ 10ರವರೆಗೂ ತಡವಾಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಮಗುವನ್ನು ತುದಿಗಾಲ ಮೇಲೆ ನಿಲ್ಲಿಸಿ, ನೀವು ಹಿಂದೆ ಕೂತು ನೋಡಿ. ಕಮಾನು ಎದ್ದು ಕಂಡು, ಹಿಮ್ಮಡ ಸ್ವಲ್ಪ ಒಳಕ್ಕೆ ತಿರುಗಿದರೆ ಪಾದ ಮೆತುವಾಗಿದೆ, ಕೆಲಸ ಮಾಡುತ್ತಿದೆ ಎಂದರ್ಥ. ನೋವಿಲ್ಲದಿದ್ದರೆ ಬೂಟೂ ಬೇಡ, ಒಳಗೆ ಇಡುವ ದಿಂಬೂ ಬೇಡ. ತುದಿಗಾಲಲ್ಲಿ ನಿಂತರೂ ಪಾದ ಚಪ್ಪಟೆಯಾಗಿಯೇ ಇದ್ದರೆ, ನೋವೆಂದು ಆಟ ಬಿಟ್ಟು ಕೂತರೆ, ಒಂದೇ ಕಾಲು ಬೇರೆ ಥರ ಕಂಡರೆ, ಅಥವಾ 3 ವರ್ಷ ದಾಟಿದ ಮೇಲೂ ಸದಾ ತುದಿಗಾಲಲ್ಲೇ ನಡೆದರೆ ಎಲುಬಿನ ಡಾಕ್ಟರಿಗೆ ತೋರಿಸಿ.

ಕಾಲಿನ ಸೊಟ್ಟಕ್ಕೂ ಒಂದು ಕ್ರಮವಿದೆ. ಸುಮಾರು 2 ವರ್ಷದವರೆಗೆ ಮೊಣಕಾಲು ಹೊರಕ್ಕೆ ಬಾಗಿರುತ್ತವೆ. 3-4ರಲ್ಲಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. 7-8ರ ಹೊತ್ತಿಗೆ ನೇರವಾಗುತ್ತವೆ. ಈ ಕ್ರಮ ತಪ್ಪಿದರೆ, ಅಂದರೆ 8 ದಾಟಿದ ಮೇಲೆ ಮೊಣಕಾಲು ಒಳಕ್ಕೆ ಬಾಗುವುದು ಹೆಚ್ಚುತ್ತಾ ಹೋದರೆ, ಡಾಕ್ಟರಿಗೆ ತೋರಿಸುವುದರ ಜೊತೆಗೆ ಮನೆಯ ನೀರನ್ನೂ ನೋಡಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದು ಮಿತಿ ಮೀರಿದರೆ ಹಲ್ಲು, ಎಲುಬು ಎರಡನ್ನೂ ಕೆಡಿಸುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದಲ್ಲಿ ಮಾತ್ರ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಮಗುವಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಅಥವಾ ಕಂದು ಪಟ್ಟೆಗಳಿದ್ದರೆ ಅನುಮಾನ ಇನ್ನೂ ಗಟ್ಟಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯಲು ಮಾತ್ರ ಕ್ಯಾನ್ ತಂದು, ಬೇಳೆ, ಅನ್ನಕ್ಕೆ ಬೋರಿನ ನೀರನ್ನೇ ಹಾಕುವ ಮನೆಗಳು ಬಹಳ. ಅಡುಗೆಗೂ ಅದೇ ಶುದ್ಧ ನೀರು ಬೇಕು ಎಂದು ನಾನು ಕೈಮುಗಿದು ಹೇಳುತ್ತೇನೆ. ಫ್ಲೋರೈಡಿನಿಂದ ಬಂದ ಸೊಟ್ಟವನ್ನು ಯಾವ ವ್ಯಾಯಾಮದಿಂದಲೂ ಸರಿಮಾಡಲು ಆಗುವುದಿಲ್ಲ.

ಉಳಿದದ್ದು ಆಟದಲ್ಲಿದೆ. ಕುಂಟಾಬಿಲ್ಲೆಗಿಂತ ಒಳ್ಳೆಯ ಸಮತೋಲನದ ಪಾಠ ನನಗೆ ಗೊತ್ತಿಲ್ಲ: ಒಂದು ಕಾಲ ಮೇಲೆ ಜಿಗಿ, ನಿಲ್ಲು, ಬಗ್ಗಿ ಬಿಲ್ಲೆ ಎತ್ತು. 5 ವರ್ಷದ ಮಗು ಒಂಟಿಕಾಲಲ್ಲಿ ಸುಮಾರು 10 ಸೆಕೆಂಡು ನಿಲ್ಲಬೇಕು. ಚೊಕ್ಕ ಅಂಗಳದಲ್ಲಿ, ಉಸುಕಿನಲ್ಲಿ ಬರಿಗಾಲಲ್ಲಿ ಆಡಲು ಬಿಡಿ; ಬಯಲಿಗೆ ಹೋಗುವ ಜಾಗದಲ್ಲಿ ಮಾತ್ರ ಚಪ್ಪಲಿ ಬೇಕೇ ಬೇಕು, ಅಲ್ಲಿಯ ಮಣ್ಣಿನಲ್ಲಿ ಕೊಕ್ಕೆಹುಳ ಇರುತ್ತದೆ. ಶಾಲೆಯ ಬೂಟನ್ನು ಸಂಜೆ ಕೊಳ್ಳಿ, ಆಗ ಪಾದ ತುಸು ಉಬ್ಬಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು, 25 ಕಿಲೋ ಮಗುವಿಗೆ ಎರಡೂವರೆ ಕಿಲೋ. 10 ವರ್ಷದ ಮೇಲಿನ ಮಕ್ಕಳನ್ನು ಆಗೊಮ್ಮೆ ಈಗೊಮ್ಮೆ ಕಾಲು ಜೋಡಿಸಿ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ಬೆನ್ನು ನೋಡಿ. ಒಂದು ಬದಿಯ ಪಕ್ಕೆಲುಬು ಎತ್ತರಿಸಿದ್ದರೆ ಬೆನ್ನೆಲುಬು ತಿರುಚಿರಬಹುದು, ತಡಮಾಡಬೇಡಿ.

ಈಗ ಹಿರಿಯರು. ನಾವು ನೆಟ್ಟಗೆ ನಿಲ್ಲಲು ಕಣ್ಣು, ಒಳಗಿವಿ, ಅಂಗಾಲು-ಕೀಲುಗಳ ಸ್ಪರ್ಶ ಮೂರೂ ಮೆದುಳಿಗೆ ಸುದ್ದಿ ಕೊಡುತ್ತಿರಬೇಕು. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಹೊರಟಾಗ ಕಣ್ಣಿನ ಸುದ್ದಿಯೂ ನಿಂತುಹೋಗುತ್ತದೆ. ಆ ದಾರಿಯಲ್ಲಿ ಬೀಳುವುದು ಅದಕ್ಕೇ.

ಅವರನ್ನು ಅಡುಗೆ ಕಟ್ಟೆಯ ಪಕ್ಕ ನಿಲ್ಲಿಸಿ, ಹಿಂದೆ ಕುರ್ಚಿ ಇಡಿ, ನೀವು ತೋಳಿಗೆ ಹತ್ತಿರ ನಿಲ್ಲಿ. ಮೊದಲು ಪಾದ ಜೋಡಿಸಿ 10 ಸೆಕೆಂಡು. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು. ಆಮೇಲೆ ಒಂದರ ಹಿಮ್ಮಡ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಈ ಮೂರನೆಯ ನಿಲುವಿನಲ್ಲಿ ಏನೂ ಹಿಡಿಯದೆ 10 ಸೆಕೆಂಡು ನಿಲ್ಲಲಾಗದವರಿಗೆ ಬೀಳುವ ಅಪಾಯ ಹೆಚ್ಚು. ಇನ್ನೊಂದು: ಕುರ್ಚಿಯಿಂದ ಎದ್ದು 3 ಮೀಟರ್ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಈಗಲೇ ಎಚ್ಚರಾಗಬೇಕು.

ಸಕ್ಕರೆ ಕಾಯಿಲೆ ಇದ್ದರೆ ಪಾದ ಮುಟ್ಟಿ ನೋಡುವುದನ್ನು ಬಿಡಲೇಬೇಡಿ. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ಬೆರಳಿನಿಂದ ಹಗುರಾಗಿ, ಒತ್ತದೆ, ಒಂದೆರಡು ಸೆಕೆಂಡು ಮುಟ್ಟಿ. ಆರರಲ್ಲಿ ಎರಡು ಸ್ಪರ್ಶ ಗೊತ್ತಾಗದಿದ್ದರೂ ನರ ಮಂಕಾಗಿದೆ, ಡಾಕ್ಟರಿಗೆ ಹೇಳಿ. ಅಂಥವರು ಬೇಸಿಗೆಯಲ್ಲಿ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿ, ಚಪ್ಪಲಿ ಬಿಟ್ಟು, ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸರದಿಯಲ್ಲಿ ನಿಂತರೆ ಅಂಗಾಲು ಬೊಬ್ಬೆ ಎದ್ದರೂ ಅರಿವಾಗುವುದಿಲ್ಲ. ಬೆಳಗಿನ ಹೊತ್ತೇ ಹೋಗಿ, ದಪ್ಪ ಕಾಟನ್ ಕಾಲುಚೀಲ ಹಾಕಿಸಿ, ಮನೆಗೆ ಬಂದ ಮೇಲೆ ಅಂಗಾಲು ನೋಡಿ.

ನಮ್ಮ ಕಾಲುವೆ ಸೀಮೆಯಲ್ಲಿ ಜೀವಮಾನವಿಡೀ ಬಗ್ಗಿ ಭತ್ತ ನಾಟಿ ಮಾಡಿದ ಅವ್ವಂದಿರ ಬೆನ್ನು ಮುಂದಕ್ಕೆ ಬಾಗಿರುತ್ತದೆ. ಹಿಮ್ಮಡವನ್ನು ಗೋಡೆಗೆ ಹಚ್ಚಿ ನಿಲ್ಲಿಸಿದರೆ ತಲೆ ಗೋಡೆಗೆ ತಾಗುವುದಿಲ್ಲ. ಬೆನ್ನು ಬಾಗಿದರೆ ದೇಹದ ಭಾರ ಬೆರಳ ಕಡೆ ಸರಿಯುತ್ತದೆ, ಸಣ್ಣ ಎಡವಿಗೂ ಮುಗ್ಗರಿಸುತ್ತಾರೆ. ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮವನ್ನಂತೂ ಮಾಡಿಸಲೇಬೇಡಿ. ಎಲುಬು ಸವೆದಿದ್ದರೆ ಬೆನ್ನುಮಣಿ ಕುಸಿಯಬಹುದು. ಎತ್ತರ ಕಡಿಮೆಯಾಗಿದೆ ಅನ್ನಿಸಿದರೆ ಎಕ್ಸ್‌ರೇ ತೆಗೆಸಿ.

ಮಾಡಿಸಬೇಕಾದದ್ದು ಇಷ್ಟು: ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನ ಕೂರುವುದು, ಕಟ್ಟೆ ಹಿಡಿದು ಹಿಮ್ಮಡ ಎತ್ತಿ ಇಳಿಸುವುದು, ಗೋಡೆಗುಂಟ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವುದು. ಒಂದೊಂದು ಹತ್ತು ಸಲ, ವಾರಕ್ಕೆ ಮೂರು ದಿನಕ್ಕೆ ಕಡಿಮೆ ಇಲ್ಲದಂತೆ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಹಾಸಿಗೆಯಿಂದ ಎದ್ದ ತಕ್ಷಣ ಕಣ್ಣು ಕತ್ತಲೆ ಬರುವವರು ಒಂದೆರಡು ನಿಮಿಷ ಅಂಚಿನಲ್ಲಿ ಕೂತು ಏಳಲಿ. ಬಿಪಿ ಮಾತ್ರೆಯಿಂದಲೂ ಹಾಗಾಗುತ್ತದೆ, ಆದರೆ ತಾವಾಗಿ ಮಾತ್ರೆ ಬಿಡುವುದು ಬೇಡ, ಬರೆದುಕೊಟ್ಟವರನ್ನು ಕೇಳಿ.

ಬಚ್ಚಲ ಕಲ್ಲಿನ ಪಾಚಿ ವಾರಕ್ಕೊಮ್ಮೆ ಉಜ್ಜಿ, ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ಬಲ್ಬು ಉರಿಯಲಿ. ಸವೆದ ಹವಾಯಿ ಚಪ್ಪಲಿ ಬಿಸಾಕಿ, ಹಿಂದೆ ಪಟ್ಟಿ ಇರುವುದನ್ನು ತನ್ನಿ. ಕೋಲು ಹಿಡಿಯುವವರು ನೋವಿರುವ ಕಾಲಿನ ಕಡೆಯಲ್ಲ, ಎದುರು ಕಡೆಯ ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಉದ್ದವಿದ್ದರೆ ಕೊಯ್ಸಿ, ತುದಿಗೆ ರಬ್ಬರ್ ಬೂಚು ಹಾಕಿಸಿ, ಅದರ ಗೀರುಗಳು ಸವೆದಾಗ ಬದಲಿಸಿ.