ಕೋಳಿ ಮುಚ್ಚೋಕೆ ಒಂದು ಗಟ್ಟಿ ಗೂಡು

ದೀಪ ಹಚ್ಚುವ ಹೊತ್ತಿಗೆ ನಮ್ಮತ್ತೆ ದಿನಾ ಕೇಳುವ ಮಾತು ಒಂದೇ. 'ಕೋಳಿ ಮುಚ್ಚಿದ್ಯೇನವ್ವ?' ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಗೂಡು ಅಂದರೆ ಅಷ್ಟೇ, ರಾತ್ರಿ ಕೋಳಿ ಮುಚ್ಚುವ ಜಾಗ. ಹಗಲೆಲ್ಲ ಅವು ಹಿತ್ತಲಲ್ಲಿ, ತಿಪ್ಪೆ ಮೇಲೆ ಕೆದಕಿಕೊಂಡಿರುತ್ತವೆ. ಹಗಲು ಒಂದಿಷ್ಟು ಹೊತ್ತು ಮರಿಗಳನ್ನು ಮುಚ್ಚಿಡಲು ಬಿದಿರಿನ ಮಂಕರಿ ಸಾಕು. ಸಾವಿರಗಟ್ಟಲೆ ಸಾಕಿದರೆ ಅದು ಫಾರಂ, ಅದರ ಲೆಕ್ಕವೇ ಬೇರೆ. ನಾನು ಹೇಳುತ್ತಿರುವುದು ಹತ್ತು ನಾಟಿ ಕೋಳಿಯ ಗೂಡು.

ಒಂದು ಕೋಳಿಗೆ 2 ಚದರಡಿ ಹಿಡಿಯಿರಿ. 5 ಅಡಿ ಉದ್ದ, 4 ಅಡಿ ಅಗಲ ಆಯಿತು. ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಬಿಸಿಲು ಒಳಗೆ ನುಗ್ಗುವುದು ಕಡಿಮೆ.

ಮೊದಲ ಗೂಡನ್ನು ನಾನು ಮಣ್ಣು ನೆಲದ ಮೇಲೇ ಕಟ್ಟಿಸಿದ್ದೆ. ಸುತ್ತ ಜಾಲರಿ, ಬಾಗಿಲಿಗೆ ಬೀಗ. ಒಂದೇ ರಾತ್ರಿ ಏಳು ಮರಿ ಹೋದವು. ಬೀಗ ಹಾಕಿದ ಹಾಗೇ ಇತ್ತು. ಮೂಲೆಯಲ್ಲಿ ಹೆಗ್ಗಣ ಬಿಲ ತೋಡಿತ್ತು. ತಾಯಿ ಕೋಳಿ ಇಡೀ ದಿನ ಆ ಬಿಲದ ಸುತ್ತ ಕೂಗುತ್ತಾ ತಿರುಗಿತು. ನನಗೆ ಅನ್ನ ಇಳಿಯಲಿಲ್ಲ. ಈಗಿನ ಗೂಡು ನಾಲ್ಕು ಕಲ್ಲುಕಂಬದ ಮೇಲೆ, ನೆಲದಿಂದ 2 ಅಡಿ ಎತ್ತರದಲ್ಲಿದೆ. ಕೆಳಗೆ ಹಲಗೆ ಹಾಸಿದ್ದೇವೆ. ಅಂಗಡಿಯಲ್ಲಿ ಕೋಳಿ ಮೆಶ್ ಅಂತ ಕೊಡುವ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ ನಿಜ, ಆದರೆ ನಾಯಿ ಎಳೆದರೆ ಕಿತ್ತು ಬರುತ್ತದೆ, ಹಾವು ತೂರುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ದುಡ್ಡು ಜಾಸ್ತಿ, ಆದರೂ ಇಲ್ಲಿ ಉಳಿಸಬೇಡಿ.

ಚಳಿ ಅಂತ ಗೋಣಿ ಸುತ್ತಿ ಪೂರ್ತಿ ಮುಚ್ಚಲೂಬೇಡಿ. ಹಿಕ್ಕೆಯಿಂದ ಏಳುವ ಅಮೋನಿಯಾ ಕೋಳಿಯ ಕಣ್ಣು, ಉಸಿರು ಕೆಡಿಸುತ್ತದೆ. ಸೂರಿನ ಕೆಳಗೆ ಅರ್ಧ ಅಡಿ ಗಾಳಿಗೆ ಬಿಡಿ. ನಮ್ಮ ಕಡೆ ರೈಸ್‌ಮಿಲ್‌ಗೆ ಬರವಿಲ್ಲ ಅಲ್ವಾ, ಒಂದು ಚೀಲ ಭತ್ತದ ಹೊಟ್ಟು ತಂದು 2-3 ಇಂಚು ಹರಡಿ. ಬಗ್ಗಿ ಮೂಸಿದಾಗ ವಾಸನೆ ಖಾರವಾಗಿ ಬಡಿದರೆ ಬದಲಿಸಿ. ಹಳೇ ಹೊಟ್ಟು ತಿಪ್ಪೆಗೆ ಹಾಕಿ, ಕೊಳೆತ ಮೇಲೆ ಒಳ್ಳೆ ಗೊಬ್ಬರ.

ಕೂರಲು ಒಂದೂವರೆ ಅಡಿ ಎತ್ತರದಲ್ಲಿ ಎರಡು ಅಡ್ಡಗೋಲು ಕಟ್ಟಿ. ಗಿರಿರಾಜ ಇದ್ದರೆ ಇನ್ನೂ ತಗ್ಗಿಸಿ, ಅದು ತೂಕದ ಕೋಳಿ. ಮೊಟ್ಟೆಗೆ ಒಂದಡಿ ಚೌಕದ ಎರಡು ಪೆಟ್ಟಿಗೆ ಕತ್ತಲ ಮೂಲೆಯಲ್ಲಿ ಇಡಿ, ಗೋಲಿಗಿಂತ ಕೆಳಗೆ. ಮೇಲಿಟ್ಟರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಕಾವಿಗೆ ಕೂತ ಕೋಳಿಗೆ ಮಾತ್ರ ಬೇರೆ ಜಾಗ ಕೊಡಿ, 21 ದಿನ ಯಾರೂ ಕದಲಿಸಬಾರದು.

ಹೊಸದಾಗಿ ತಂದ ಕೋಳಿಗಳನ್ನು ನಾಲ್ಕೈದು ದಿನ ಹಗಲೂ ಒಳಗೇ ಬಿಡಿ. ಆಮೇಲೆ ಕತ್ತಲಾಗುತ್ತಿದ್ದಂತೆ ತಾವಾಗಿ ಬರುತ್ತವೆ. ಬಾಗಿಲು ಹಾಕುವ ಮೊದಲು ಎಣಿಸಿ. ಒಂದು ಕಮ್ಮಿ ಬಂದರೆ ಟಾರ್ಚ್ ಹಿಡಿದು ಹಿತ್ತಲಿನ ಮರದ ಕೊಂಬೆ ನೋಡಿ.