ಯುದ್ಧದ ಬೈಕು, ಒಳಗೆ ಬೇರೆ ಹೊಟ್ಟೆ

ಗದಗದ ಗೋದಾಮಿನಲ್ಲಿ ಸಿಕ್ಕ ಬಿಎಸ್ಎ ಎಂ20 (ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಬಳಸಿದ ಬೈಕು) ತೋರಿಸಿ, 'ಮಹಾಯುದ್ಧದ್ದು, ಎಲ್ಲಾ ಒರಿಜಿನಲ್ ರೀ' ಅಂದರು ಮಾರುವವರು. ಫ್ರೇಮು, ಎಂಜಿನ್ ಎರಡರ ಮೇಲೂ ಯುದ್ಧಕಾಲದ ಗುರುತಾದ ಡಬ್ಲ್ಯೂಎಂ20 ಅಚ್ಚಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಗೆಳೆಯನನ್ನು ಕರೆದೊಯ್ದು ಹೆಡ್ ಬಿಚ್ಚಿಸಿದೆ. ಸೈಡ್ ವಾಲ್ವ್ ಎಂಜಿನ್ ನೋಡಿ, ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಇರುತ್ತವೆ, ಹೆಡ್ ಅಂದರೆ ಬರೀ ಮುಚ್ಚಳ. ಪಿಸ್ಟನ್ ಮೇಲಿದ್ದಾಗೊಮ್ಮೆ, ಕೆಳಗಿಳಿದಾಗೊಮ್ಮೆ ವರ್ನಿಯರ್ ಅಳತೆಗೋಲಿನ ಕಡ್ಡಿ ಇಳಿಸಿ ಅಳೆದೆವು. ಎಂ20ಗೆ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಸರಿಯುವ ದೂರ, 94 ಮಿ.ಮೀ. ಬರಬೇಕು, ಬಂದದ್ದು 112! ಅದು ಇದರ ದೊಡ್ಡಣ್ಣ, 591 ಸಿಸಿಯ ಎಂ21ರ ಅಳತೆ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ಎರಡಕ್ಕೂ 82, ಅದನ್ನಷ್ಟೇ ಅಳೆದಿದ್ದರೆ ಟೋಪಿ ಬೀಳುತ್ತಿತ್ತು.

ಮಾರುವವರಿಗೂ ಗೊತ್ತಿರಲಿಲ್ಲ, ಪಾಪ. ಟ್ಯಾಂಕಿನ ಮೂಲೆಯ ಕಪ್ಪು ಬಣ್ಣವನ್ನು ಥಿನ್ನರ್‌ನಲ್ಲಿ ಉಜ್ಜಿದಾಗ ಸೇನೆಯ ಖಾಕಿ ಇಣುಕಿತು. ರೇಟು ಇಳಿಸಿ ಕೊಟ್ಟರು, ಟೆಂಪೋದಲ್ಲಿ ಹೇರಿಕೊಂಡು ಬಂದೆ.