ಬ್ಯಾಂಕಾಕಿನ ಹಳೇ ಊರು: ಬಿಸಿಲು ನೋಡಿಕೊಂಡು ನಡೆಯಿರಿ

ಬ್ಯಾಂಕಾಕಿನ ಹಳೇ ಊರನ್ನು ಒಂದೇ ದಿನದಲ್ಲಿ ನಡೆದೇ ನೋಡಬಹುದು. ದೂರ ಜಾಸ್ತಿ ಏನಿಲ್ಲ, ಬಿಸಿಲಿನದೇ ಕಾಟ. ಅದಕ್ಕೇ ಬಯಲಿನ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ.

ಮೊದಲು ಬಟ್ಟೆ. ಭುಜ, ಮೊಣಕಾಲು ಮುಚ್ಚಿರಬೇಕು. ಲೇಸ್ ಇರುವ ಶೂ ಬೇಡ. ನಮ್ಮ ದೇವಸ್ಥಾನಗಳ ಹಾಗೇ ಪದೇ ಪದೇ ಬಿಚ್ಚಿಡಬೇಕು.

ಸನಾಮ್ ಚಾಯ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ಇಪ್ಪತ್ತು ನಿಮಿಷ ನಡೆದರೆ ಗ್ರ್ಯಾಂಡ್ ಪ್ಯಾಲೇಸ್. ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ, ಟಿಕೆಟ್ 500 ಬಾತ್. ದಾರಿಯಲ್ಲಿ ಯಾರಾದರೂ ನಗುನಗುತ್ತಾ ‘ಅರಮನೆ ಇವತ್ತು ಬಂದ್’ ಎಂದರೆ ಸುಮ್ನೆ ಮುಂದೆ ಹೋಗಿ. ನಾನು ನಂಬಿ ಟುಕ್‌ಟುಕ್ ಹತ್ತಿದ್ದೆ. ಅದು ಹೋಗಿ ನಿಂತಿದ್ದು ಒಂದು ಸೂಟ್ ಹೊಲಿಯುವ ಅಂಗಡಿ ಮುಂದೆ!

ಒಳಗೆ ಪಚ್ಚೆ ಬುದ್ಧನ ಗುಡಿ ಮುಂದೆ ಎಲ್ಲರೂ ಮುಗಿಬೀಳುತ್ತಾರೆ. ನೀವು ಸುತ್ತಲಿನ ಪಡಸಾಲೆಗೆ ಹೋಗಿ. ಅಲ್ಲಿ ನೆರಳೂ ಇದೆ, ರಾಮಾಯಣವೂ ಇದೆ. ಥಾಯ್ ರಾಮಾಯಣ ‘ರಾಮಕಿಯನ್’ 178 ಗೋಡೆಚಿತ್ರಗಳಲ್ಲಿ ಹರಡಿದೆ. ಬಿಳಿ ಬಣ್ಣದ ಕೋತಿ ಕಂಡರೆ ಅವನೇ ಹನುಮಂತ. ಆದರೆ ಈ ಕತೆಯಲ್ಲಿ ಅವನು ಬ್ರಹ್ಮಚಾರಿ ಅಲ್ಲ. ರಾವಣನ ಮಗಳು, ಮತ್ಸ್ಯಕನ್ಯೆ ಸುವನ್ನಮಚ್ಛಾಳನ್ನೇ ಒಲಿಸಿಕೊಳ್ಳುತ್ತಾನೆ. ನಮ್ಮಜ್ಜಿ ಒಪ್ಪುತ್ತಿರಲಿಲ್ಲ ಬಿಡಿ.

ಬಿಸಿಲೇರುವ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ ವಾಟ್ ಫೋ ಸೇರಿಕೊಳ್ಳಿ (‘ವಾಟ್’ ಎಂದರೆ ಬೌದ್ಧ ದೇವಸ್ಥಾನ). ಮಲಗಿದ ಬುದ್ಧ 46 ಮೀಟರ್ ಉದ್ದ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಚಿಲ್ಲರೆ ಕೊಂಡು, ಬೆನ್ನ ಹಿಂದೆ ಸಾಲಾಗಿಟ್ಟ 108 ಕಂಚಿನ ಬಟ್ಟಲುಗಳಿಗೆ ಒಂದೊಂದೇ ನಾಣ್ಯ ಹಾಕುತ್ತಾ ನಡೆಯಬೇಕು. ಠಣ್, ಠಣ್ ಅಂತ ಇಡೀ ಹಜಾರ ಸದ್ದಾಗುತ್ತಿರುತ್ತದೆ. ಕಾಲು ಸೋತಿದ್ದರೆ ಇಲ್ಲೇ ಥಾಯ್ ಮಸಾಜ್ ಸಿಗುತ್ತದೆ.

ಊಟಕ್ಕೆ ಸಸ್ಯಾಹಾರಿಗಳು ‘ಜೇ’ (ಪೂರ್ತಿ ಸಸ್ಯಾಹಾರ) ಎಂಬ ಪದ ಕಲಿತಿರಿ. ಬರೀ ‘ಮಾಂಸ ಬೇಡ’ ಎಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ.

ಬಿಸಿಲು ಇಳಿದ ಮೇಲೆ ಪಕ್ಕದ ಥಾ ತಿಯನ್ ಕಟ್ಟೆಯಿಂದ ದೋಣಿಯಲ್ಲಿ ಚಾವೊ ಫ್ರಾಯಾ ನದಿ ದಾಟಿ. ಆಚೆ ದಡದಲ್ಲಿ ವಾಟ್ ಅರುಣ್. ಸೂರ್ಯನ ಸಾರಥಿ ಅರುಣನ ಹೆಸರೇ ಅದು. ದೂರಕ್ಕೆ ಬಿಳಿ ಕಲ್ಲಿನ ಗೋಪುರ ಅನಿಸುತ್ತದೆ. ಹತ್ತಿರ ಹೋದರೆ ಪ್ರತಿ ಹೂವಿನ ಎಸಳೂ ಚೀನಾ ಪಿಂಗಾಣಿಯ ಚೂರು.

ಮರಳಿ ಬಂದು ಪಾಕ್ ಕ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಗೆ ನಡೆಯಿರಿ. ಚೆಂಡುಹೂವಿನ ರಾಶಿ, ಮಲ್ಲಿಗೆ ಮೊಗ್ಗಿನ ಪುಟ್ಟ ಹಾರ, ಥೇಟ್ ನಮ್ಮ ಕೆ.ಆರ್. ಮಾರ್ಕೆಟ್. ಹಾರಕ್ಕೆ ಅಲ್ಲಿ ‘ಮಾಲೈ’ ಅನ್ನುತ್ತಾರೆ. ಮುಡಿಯಲು ಅಲ್ಲ, ಬುದ್ಧನಿಗೆ ಅರ್ಪಿಸಲು. ಒಂದು ಕೊಂಡು ಕೈಯಲ್ಲಿ ಹಿಡಿದುಕೊಳ್ಳಿ. ಮೆಟ್ರೊ ನಿಲ್ದಾಣ ಅಲ್ಲಿಂದ ನಾಲ್ಕು ಹೆಜ್ಜೆ.